ಕಾಳಿಯ ಕಲ್ಲು, ಮನೆಯ ನಾಯಿ

ತಟ್ಟೆ ಇಡ್ಲಿಗೆ ಹೆಸರಾದ ಕ್ಯಾತ್ಸಂದ್ರದಲ್ಲಿ ಇಂದು ಬೀದಿಯ ನಾಯಿಯೊಂದನ್ನು ಮನೆಗೆ ತಂದು ಸಾಕುವವರು ತೀರಾ ಹೊಸದೇನನ್ನೂ ಮಾಡುತ್ತಿಲ್ಲ. ನಾಯಿಯ ಋಣವನ್ನು ಕಲ್ಲಿನಲ್ಲಿ ಬರೆದಿಟ್ಟ ನಾಡು ನಮ್ಮದು.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿರುವ ಕ್ರಿ.ಶ. 949-50ರ ಶಾಸನವೇ ಇದಕ್ಕೆ ಸಾಕ್ಷಿ. ರಾಷ್ಟ್ರಕೂಟರಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧದ ಕಾಲ ಅದು. ಗಂಗರ ಇಮ್ಮಡಿ ಬೂತುಗನ ಕಡೆಯ ವೀರ ಮಣಲೇರನ ಶೌರ್ಯಕ್ಕೆ ಒಡೆಯ ಮೆಚ್ಚಿ ಏನು ಬೇಕೆಂದಾಗ, ಅವನು ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಸೆಣಸಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟುತ್ತದೆ ಎಂಬುದು ಶಾಸನದ ಕಟ್ಟಳೆ.

ಈ ಕಟ್ಟಳೆ ಗಮನಾರ್ಹ. ಪ್ರೀತಿಯ ಜೊತೆಗೆ ದಿನನಿತ್ಯದ ಕರ್ತವ್ಯವನ್ನೂ ಅದು ಹೊರಿಸಿತು. ಸಾಕುನಾಯಿಯ ಮಾತೂ ಅಷ್ಟೇ. ಬೀದಿಯಲ್ಲಿ ಏಟು ತಿಂದ ನಾಯಿ ಕಸಬರಿಕೆ ಎತ್ತಿದರೂ ಬೆದರಬಹುದು. ಸಿಕ್ಕಿದ್ದನ್ನು ಗಬಗಬ ನುಂಗಬಹುದು. ಹೊತ್ತಿಗೆ ಸರಿಯಾಗಿ ಮುದ್ದೆ, ನೀರು ಸಿಕ್ಕರೆ ಮೆಲ್ಲನೆ ನಂಬಿಕೆ ಬರುತ್ತದೆ. ಈರುಳ್ಳಿ, ಚಾಕೊಲೇಟ್ ಅದಕ್ಕೆ ವಿಷ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್ ವಾಸಿಯಾಗುವ ಕಾಯಿಲೆಯಲ್ಲ, ಲಸಿಕೆ ತಪ್ಪಿಸುವಂತಿಲ್ಲ.

ಉತ್ಸಾಹ ಇಳಿದೊಡನೆ ಮತ್ತೆ ಬೀದಿಗೆ ಬಿಡುವವರೂ ಇದ್ದಾರೆ. ಹಸಿವು, ಬಾಯಾರಿಕೆಗೆ ಈಡಾಗುವಂತೆ ಸಾಕುಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಸತ್ತ ನಾಯಿಯನ್ನೇ ಮರೆತು ಉಣ್ಣಬಾರದು ಎಂದ ನಾಡಿನಲ್ಲಿ, ಬದುಕಿರುವುದನ್ನು ಮರೆಯುವುದು ಸರಿಯೇ?