ಪ್ರಸನ್ನ ಯಾಕೆ ಹೊರಗೆ?

ಯಾದಗಿರಿ ಸಮೀಪದ ಅಬ್ಬೆತುಮಕೂರಿಗೆ ಹೊರಗಿನಿಂದ ಬರುವವರಲ್ಲಿ ಹೆಚ್ಚಿನವರು ವಿಶ್ವಾರಾಧ್ಯರ ಮಠದ ಭಕ್ತರು. ಊರಿನ ಚಹಾದಂಗಡಿಯ ಮುಂದೆ ಕುಳಿತವರ ಮಾತು ಮಾತ್ರ ಮಳೆ, ತೊಗರಿ, ಹತ್ತಿಯ ದರ ಎಲ್ಲವನ್ನೂ ಮುಗಿಸಿ ಬೇಗನೆ ಕ್ರಿಕೆಟ್‌ಗೆ ಬಂದು ನಿಲ್ಲುತ್ತದೆ. ಮೊಬೈಲ್ ಪರದೆಯ ಸುತ್ತ ಮುಗಿಬಿದ್ದ ಹುಡುಗರು ಮೊನ್ನೆ ಕೋಚ್‌ಗೆ ಬೈಯುತ್ತಿದ್ದರು. "ಅವನ್ನ ಯಾಕ ಹೊರಗ ಕುಂದ್ರಿಸ್ಯಾರ? ಇವನ್ನ ಯಾಕ ಮೊದಲ ಕಳ್ಸ್ಯಾರ?" ಎಂಬುದು ಅವರ ತಕರಾರು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ನಕ್ಕರು. "ನಿಮ್ದೇನ್ ಮಹಾ ಸಿಟ್ಟು ಬಿಡ್ರೋ ತಮ್ಮಾ. ಎಪ್ಪತ್ತೊಂದರಾಗ ಇಂಗ್ಲೆಂಡ್‌ದಾಗ ಪ್ರಸನ್ನನ್ನ ಮೂರಕ್ಕ ಮೂರೂ ಟೆಸ್ಟ್ ಕುಂದ್ರಿಸಿದ್ರು."

ಅರ್ಧ ಶತಮಾನ ಕಳೆದರೂ ಆರದ ಸಿಟ್ಟು ಅದು. ಅದರ ಹಿಂದಿನ ಕಥೆ ಕೇಳುವಂಥದ್ದು.

ತಂಡದ ಆಯ್ಕೆಯ ಬಗ್ಗೆ ಅಭಿಮಾನಿಗಳ ಅಸಮಾಧಾನ ಎಲ್ಲ ಆಟಗಳಲ್ಲೂ ಇದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಕಣದೊಳಗೆ ಐವರೇ ಇರುತ್ತಾರೆ. ಆದರೆ ಕೋಚ್ ಬೇಕಾದಷ್ಟು ಸಲ ಆಟಗಾರರನ್ನು ಬದಲಿಸಬಹುದು. ತಪ್ಪಾದರೆ ಐದು ನಿಮಿಷದಲ್ಲಿ ತಿದ್ದಿಕೊಳ್ಳಬಹುದು. ಟೆಸ್ಟ್ ಕ್ರಿಕೆಟ್‌ನಲ್ಲಿ ಆ ಸೌಕರ್ಯವಿಲ್ಲ. ಆಟ ಶುರುವಾಗುವ ಮುನ್ನ ಹನ್ನೊಂದು ಹೆಸರು ಬರೆದುಕೊಟ್ಟರೆ ಐದು ದಿನ ಅದೇ ತಂಡ. ಹಾಗಾಗಿ ಹೊರಗುಳಿದ ಹನ್ನೆರಡನೆಯವನ ಸಂಕಟವೂ ಅವನ ಅಭಿಮಾನಿಗಳ ಸಿಟ್ಟೂ ಐದು ದಿನದ್ದು.

ಇ.ಎ.ಎಸ್. ಪ್ರಸನ್ನ ಬೆಂಗಳೂರಿನವರು. 1962ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು. ಅದೇ ವರ್ಷ ವೆಸ್ಟ್ ಇಂಡೀಸ್‌ಗೆ ಹೋಗಿ ಬಂದ ಮೇಲೆ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದು ಮುಗಿಸಲು ಆಟದಿಂದ ದೂರ ಉಳಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಕಳೆದುಹೋದ ಐದು ವರ್ಷಗಳನ್ನು ಅವರು ಬಡ್ಡಿಸಮೇತ ವಸೂಲು ಮಾಡಿದರು. 1967-68ರ ಆಸ್ಟ್ರೇಲಿಯಾ ಹಾಗೂ ನ್ಯೂಜಿಲೆಂಡ್ ಪ್ರವಾಸದ ಎಂಟು ಟೆಸ್ಟ್‌ಗಳಲ್ಲಿ 49 ವಿಕೆಟ್ ಪಡೆದರು. ಭಾರತ ವಿದೇಶದಲ್ಲಿ ಮೊಟ್ಟಮೊದಲ ಸರಣಿ ಗೆದ್ದದ್ದು ಆಗಲೇ, ನ್ಯೂಜಿಲೆಂಡ್‌ನಲ್ಲಿ. 20 ಟೆಸ್ಟ್‌ಗಳಲ್ಲಿ 100 ವಿಕೆಟ್ ಪೂರೈಸಿದ ಅವರ ಭಾರತೀಯ ದಾಖಲೆಯನ್ನು ಮುರಿಯಲು 2013ರಲ್ಲಿ ಆರ್. ಅಶ್ವಿನ್ ಬರಬೇಕಾಯಿತು.

ಇಂಥವರು ಹೊರಗೆ ಕೂರುವಂತಾದದ್ದು ಹೇಗೆ? 1971ರ ಜನವರಿಯಲ್ಲಿ ಆಯ್ಕೆ ಸಮಿತಿಯ ಅಧ್ಯಕ್ಷ ವಿಜಯ್ ಮರ್ಚೆಂಟ್ ತಮ್ಮ ನಿರ್ಣಾಯಕ ಮತದಿಂದ ಪಟೌಡಿಯವರ ಬದಲು ಮುಂಬಯಿಯ ಅಜಿತ್ ವಾಡೇಕರ್ ಅವರನ್ನು ನಾಯಕರನ್ನಾಗಿ ಮಾಡಿದರು. ಮದರಾಸಿನ ಎಸ್. ವೆಂಕಟರಾಘವನ್ ಉಪನಾಯಕರಾದರು. ಪ್ರಸನ್ನರಂತೆ ವೆಂಕಟ್ ಕೂಡ ಆಫ್ ಸ್ಪಿನ್ನರ್, ಎಂಜಿನಿಯರಿಂಗ್ ಪದವೀಧರರು. ಹೋಲಿಕೆ ಅಲ್ಲಿಗೇ ಮುಗಿಯುತ್ತದೆ. ಪ್ರಸನ್ನ ಚೆಂಡನ್ನು ಗಾಳಿಯಲ್ಲಿ ಎತ್ತರಕ್ಕೆ ತೇಲಿಸಿ ದಾಂಡಿಗನನ್ನು ಮುಂದಕ್ಕೆ ಕರೆದು ವಂಚಿಸುವವರು. ವೆಂಕಟ್ ಚೆಂಡನ್ನು ಚಪ್ಪಟೆಯಾಗಿ, ಸ್ವಲ್ಪ ವೇಗವಾಗಿ ಹಾಕಿ ಒಂದೇ ಜಾಗಕ್ಕೆ ಕಟ್ಟಿಹಾಕುವವರು.

ಅದೇ ವರ್ಷ ವೆಸ್ಟ್ ಇಂಡೀಸ್‌ನಲ್ಲಿ ಭಾರತ ಮೊದಲ ಬಾರಿಗೆ ಸರಣಿ ಗೆದ್ದಾಗ ವೆಂಕಟ್ 22 ವಿಕೆಟ್ ಪಡೆದಿದ್ದರು. ಇಂಗ್ಲೆಂಡ್‌ಗೆ ಹೋದಾಗ ಇಬ್ಬರು ಆಫ್ ಸ್ಪಿನ್ನರ್‌ಗಳಲ್ಲಿ ಒಬ್ಬರಿಗೇ ಜಾಗ ಎಂದಾಯಿತು. ಭಾರತ ತಂಡಕ್ಕೆ ಆಗ ಕೋಚ್ ಎಂಬುವವರೇ ಇರಲಿಲ್ಲ. ಮ್ಯಾನೇಜರ್ ಹೇಮು ಅಧಿಕಾರಿ ಇದ್ದರು. ಉಪನಾಯಕನನ್ನು ಹೊರಗಿಡುವುದು ಸುಲಭದ ಮಾತಲ್ಲ. ಮೇಲಾಗಿ ವೆಂಕಟ್ ದಾಂಡಿಗನ ಸಮೀಪ ನಿಂತು ಕ್ಯಾಚ್ ಹಿಡಿಯುವುದರಲ್ಲಿ ನಿಪುಣರು, ಬ್ಯಾಟಿಂಗೂ ಪರವಾಗಿಲ್ಲ ಎಂಬ ವಾದವಿತ್ತು.

ಈ ಬ್ಯಾಟಿಂಗ್ ವಾದವನ್ನು ಸ್ವಲ್ಪ ನಿಂತು ನೋಡಬೇಕು. ಇಬ್ಬರ ಟೆಸ್ಟ್ ಜೀವನ ಮುಗಿದಾಗ ವೆಂಕಟ್ ಅವರ ಬ್ಯಾಟಿಂಗ್ ಸರಾಸರಿ 11.68, ಪ್ರಸನ್ನರದು 11.48. ವ್ಯತ್ಯಾಸ ಒಂದು ರನ್ನಿನ ಐದನೆಯ ಒಂದು ಭಾಗ! ಬೌಲಿಂಗ್‌ನಲ್ಲಿ ಪ್ರಸನ್ನರ ಪ್ರತಿ ವಿಕೆಟ್‌ಗೆ ಸುಮಾರು 30 ರನ್ ತಗುಲಿದರೆ ವೆಂಕಟ್ ಅವರದಕ್ಕೆ 36. ಕರ್ನಾಟಕದ ಅಭಿಮಾನಿಗಳ ದೂರಿಗೆ ಲೆಕ್ಕದ ಬಲವಿದೆ. ಆದರೆ ಈ ಲೆಕ್ಕ ನಮಗೆ ಸಿಕ್ಕಿರುವುದು ಎಲ್ಲ ಮುಗಿದ ಮೇಲೆ. 1971ರ ಬೇಸಿಗೆಯಲ್ಲಿ ವಾಡೇಕರ್ ಅವರ ಕಣ್ಣ ಮುಂದಿದ್ದದ್ದು ವೆಂಕಟ್ ಆಗಷ್ಟೇ ಗಳಿಸಿದ್ದ 22 ವಿಕೆಟ್.

ಲಾರ್ಡ್ಸ್, ಓಲ್ಡ್ ಟ್ರಾಫರ್ಡ್ ಟೆಸ್ಟ್‌ಗಳು ಡ್ರಾ ಆದವು. ಆಗಸ್ಟ್ 24ರಂದು ಓವಲ್‌ನಲ್ಲಿ ಭಾರತ ನಾಲ್ಕು ವಿಕೆಟ್‌ಗಳಿಂದ ಗೆದ್ದು ಇಂಗ್ಲೆಂಡ್ ನೆಲದಲ್ಲಿ ಮೊದಲ ಟೆಸ್ಟ್ ಹಾಗೂ ಮೊದಲ ಸರಣಿ ತನ್ನದಾಗಿಸಿಕೊಂಡಿತು. ಇಂಗ್ಲೆಂಡನ್ನು ಎರಡನೆಯ ಇನಿಂಗ್ಸ್‌ನಲ್ಲಿ 101ಕ್ಕೆ ಉರುಳಿಸಿದವರು 38 ರನ್ನಿಗೆ 6 ವಿಕೆಟ್ ಕಿತ್ತ ಬಿ.ಎಸ್. ಚಂದ್ರಶೇಖರ್. ಪೋಲಿಯೊದಿಂದ ಬಡಕಲಾದ ಬಲಗೈಯನ್ನೇ ಅಸ್ತ್ರ ಮಾಡಿಕೊಂಡಿದ್ದ ಅವರೂ ಕನ್ನಡಿಗರೇ. ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಅವರನ್ನು ಆರಿಸಿರಲಿಲ್ಲ. ಮೂರು ವರ್ಷಕ್ಕೂ ಹೆಚ್ಚು ಕಾಲ ಟೆಸ್ಟ್ ಆಡದೆ ಉಳಿದವರು ಅವರು. ಒಬ್ಬ ಕನ್ನಡಿಗ ಜಗತ್ತಿನ ಬಾಯಲ್ಲಿ, ಇನ್ನೊಬ್ಬ ಪೆವಿಲಿಯನ್‌ನಲ್ಲಿ. ಅಭಿಮಾನಿ ಹಿಗ್ಗಬೇಕೋ ಕುಗ್ಗಬೇಕೋ? ಗೆದ್ದ ನಾಯಕನನ್ನು ಪ್ರಶ್ನಿಸುವುದಾದರೂ ಹೇಗೆ?

ಇಬ್ಬರನ್ನೂ ಆಡಿಸಬಹುದಿತ್ತಲ್ಲ ಎಂಬ ಪ್ರಶ್ನೆ ಸಹಜ. ಬೇಡಿ, ಚಂದ್ರಶೇಖರ್, ಪ್ರಸನ್ನ, ವೆಂಕಟ್ ನಾಲ್ವರೂ ಒಟ್ಟಿಗೆ ಆಡಿದ್ದು ಒಂದೇ ಒಂದು ಟೆಸ್ಟ್, 1967ರ ಜುಲೈನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ. ಆ ಪಂದ್ಯವನ್ನು ಭಾರತ 132 ರನ್‌ಗಳಿಂದ ಸೋತಿತು. ನಾಲ್ವರ ಒಟ್ಟು ಗಳಿಕೆ 853 ವಿಕೆಟ್. ಆದರೆ ನಾಲ್ವರೂ ಇದ್ದರೆ ತಂಡದ ಬಾಲ ಬಹಳ ಉದ್ದವಾಗುತ್ತಿತ್ತು. ಚಂದ್ರಶೇಖರ್ ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು, ಹೊಡೆದ ರನ್ 167 ಮಾತ್ರ. ಹೊಸ ಚೆಂಡಿನ ಹೊಳಪು ತೆಗೆಯಲು ಅಬಿದ್ ಅಲಿ, ಸೋಲ್ಕರ್ ಅವರಂಥ ಆಲ್‌ರೌಂಡರ್‌ಗಳೂ ಬೇಕಿತ್ತು. ನಾಲ್ಕು ಮುತ್ತು, ಮೂರೇ ಗೂಡು. ಯಾವುದಾದರೂ ಒಂದು ಹೊರಗೆ ಉಳಿಯಲೇಬೇಕಿತ್ತು.

ಪ್ರಸನ್ನ ಉತ್ತರ ಕೊಟ್ಟದ್ದು ರಣಜಿ ಟ್ರೋಫಿಯಲ್ಲಿ. 1958-59ರಿಂದ ಸತತವಾಗಿ 15 ವರ್ಷ ಮುಂಬಯಿಯೇ ಆ ಟ್ರೋಫಿಯ ಯಜಮಾನ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಆ ಋತುವಿನ ಸೆಮಿಫೈನಲ್‌ಗೆ ವಾಡೇಕರ್ ನಾಯಕತ್ವದ ಮುಂಬಯಿ ಬೆಂಗಳೂರಿಗೆ ಬಂದಿತು. ಕರ್ನಾಟಕದ ನಾಯಕ ಪ್ರಸನ್ನ. ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದರು, ಮೊತ್ತ 385. ಮುಂಬಯಿಯ ಸರದಿಯಲ್ಲಿ ಸುನಿಲ್ ಗಾವಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದರು. ವಾಡೇಕರ್ ರನೌಟ್ ಆದರು. ಮುಂಬಯಿ 307ಕ್ಕೆ ನಿಂತಿತು. ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಬಾರಿಗೆ ರಣಜಿ ಟ್ರೋಫಿ ಎತ್ತಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಸಿನಿಮಾದಂತೆ ಚೆನ್ನಾಗಿರುತ್ತಿತ್ತು. ಆದರೆ ಕೆಲವೇ ತಿಂಗಳ ನಂತರ, 1974ರ ಜೂನ್‌ನಲ್ಲಿ, ಭಾರತ ಲಾರ್ಡ್ಸ್‌ನಲ್ಲಿ 42 ರನ್‌ಗಳಿಗೆ ಆಲೌಟಾಯಿತು. ಆ ಪಂದ್ಯದಲ್ಲಿ ಪ್ರಸನ್ನ ಆಡಿದ್ದರು! ಇಂಗ್ಲೆಂಡ್ 629 ರನ್ ಪೇರಿಸಿದ ಆ ಇನಿಂಗ್ಸ್‌ನಲ್ಲಿ ಅವರು 166 ರನ್ ಕೊಟ್ಟು ಪಡೆದದ್ದು ಎರಡೇ ವಿಕೆಟ್. ನಮ್ಮ ಆಟಗಾರ ತಂಡದಲ್ಲಿದ್ದ ಮಾತ್ರಕ್ಕೆ ಗೆಲುವು ಖಚಿತವಲ್ಲ ಎಂಬುದಕ್ಕೂ ಅದೇ ಇಂಗ್ಲೆಂಡ್ ಸಾಕ್ಷಿಯಾಯಿತು. ಹಾಗೆಂದು ಅವರ ಕೈಚಳಕ ಮುಗಿದಿರಲಿಲ್ಲ. 1976ರ ಜನವರಿಯಲ್ಲಿ, 35ರ ವಯಸ್ಸಿನಲ್ಲಿ, ಆಕ್ಲೆಂಡ್‌ನಲ್ಲಿ 76 ರನ್ನಿಗೆ 8 ವಿಕೆಟ್ ಕಿತ್ತು ಭಾರತಕ್ಕೆ ಗೆಲುವು ತಂದರು.

ಒಟ್ಟು 49 ಟೆಸ್ಟ್, 189 ವಿಕೆಟ್. ಇದು ಪ್ರಸನ್ನ ಆಡಿದ ಪಂದ್ಯಗಳ ಲೆಕ್ಕ. ಆಡಿಸದ ಪಂದ್ಯಗಳಿಗೆ ಸ್ಕೋರ್‌ಪಟ್ಟಿ ಇರುವುದಿಲ್ಲ. ನಾಯಕನ ನಿರ್ಧಾರ ಸರಿಯೇ ತಪ್ಪೇ ಎಂಬ ಚರ್ಚೆ ಇಷ್ಟು ವರ್ಷ ಉಳಿದುಬಂದಿರುವುದೂ ಅದಕ್ಕೇ. ಇಂಗ್ಲೆಂಡ್‌ನಲ್ಲಿ ಗೆದ್ದ ತಂಡದ ಮೇಲೆ ಅಬ್ಬೆತುಮಕೂರಿನ ಆ ಹಿರಿಯರಿಗೆ ಅಭಿಮಾನವೂ ಇದೆ, ಸಿಟ್ಟೂ ಇದೆ. ಎರಡನ್ನೂ ಅವರು ಒಟ್ಟಿಗೇ ಇಟ್ಟುಕೊಂಡಿದ್ದಾರೆ.

ಅಷ್ಟರಲ್ಲಿ ಮೊಬೈಲ್‌ನಲ್ಲಿ ಇನ್ನೊಂದು ವಿಕೆಟ್ ಬಿತ್ತು. "ನೋಡ್ರೀ ಕಾಕಾ, ನಾ ಹೇಳಿದ್ನಿಲ್ಲೋ?" ಎಂದ ಒಬ್ಬ ಹುಡುಗ. ಹಿರಿಯರು ಕನ್ನಡಕ ಏರಿಸಿ ಪರದೆಯ ಕಡೆ ಬಾಗಿದರು.