ಬರದಾಗ ಸಿಕ್ಕಂವ

ನಿನ್ನೆ ಸಂಜೆ ಕೆಲಗೇರಿ ಕೆರೆ ಏರಿಯ ಮೇಲೆ ಕೂತಿದ್ದಾಗ ಅದ್ಹೇಗೋ ಕಿಲ್ಲಾರಿ ಭೂಕಂಪದ ಮಾತು ಬಂತು. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಬಂದು ಜನ ಮಲಗಿದ್ದ ಬೆಳಗಿನ ಜಾವ. ಲಾತೂರು, ಉಸ್ಮಾನಾಬಾದ್ ಸೀಮೆಯಲ್ಲಿ ಹತ್ತಿರ ಹತ್ತು ಸಾವಿರ ಜನ ಹೋದರು. ನಮ್ಮ ಕಡೆಯ ಹಳೇ ಮನೆಗಳಂಥವೇ ಮನೆಗಳು: ಕಲ್ಲು-ಮಣ್ಣಿನ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ.

"ಇಂಥಾ ಟೈಮ್ ನೋಡೇ ಚರ್ಚಿನವರು ಬರ್ತಾರ ನೋಡು, ಒಂದು ಕೈಯಾಗ ಗಂಜಿ, ಒಂದು ಕೈಯಾಗ ಬೈಬಲ್ಲು" ಅಂದ ಜೊತೆಗಿದ್ದ ಗೆಳೆಯ.

ನಾನು ಸುಮ್ಮನಿದ್ದೆ. ಯಾಕಂದ್ರೆ ಇದೇ ಮಾತನ್ನು ಏಳನೇ ಇಯತ್ತೆಯಲ್ಲಿದ್ದಾಗ ನಾನೂ ಆಡಿದ್ದೆ. ಪಕ್ಕದಲ್ಲಿ ಕೂಡುತ್ತಿದ್ದ ಹುಡುಗ ಮಿಶನ್ ಕಂಪೌಂಡಿನವ. ಗೋಲಿ ಆಟದಲ್ಲಿ ಜಗಳ ಹತ್ತಿ "ನೀವು ಗಂಜಿಗೆ ಬಿದ್ದ ಮಂದಿ" ಅಂದುಬಿಟ್ಟೆ. ಅವ ಸಿಟ್ಟಿಗೇಳಲಿಲ್ಲ. "ನಮ್ಮ ಮುತ್ತಜ್ಜ ಬರದಾಗ ಸಿಕ್ಕಂವಲೇ. ಅವಂಗ ತನ್ನ ಊರು ಯಾವ್ದು ಅಂತನೂ ಗೊತ್ತಿದ್ದಿಲ್ಲ" ಅಂದ.

ಯಾವ ಬರ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 1876ರಲ್ಲಿ ಮಳೆ ಕೈಕೊಟ್ಟಿತು. ಧಾತು ಸಂವತ್ಸರ, ಹಳೇ ಮೈಸೂರಿನವರು ಈಗಲೂ ಧಾತು ಬರ ಅನ್ನುತ್ತಾರೆ. ನಮ್ಮಲ್ಲಿ ಧಾರವಾಡ, ಬೆಳಗಾವಿ, ಎಲ್ಲಕ್ಕಿಂತ ಕೆಟ್ಟದಾಗಿ ಕಲಾದಗಿ ಜಿಲ್ಲೆ (ಈಗಿನ ವಿಜಯಪುರ, ಬಾಗಲಕೋಟೆ). 1872 ಮತ್ತು 1881ರ ಜನಗಣತಿಗಳ ನಡುವೆ ಕಲಾದಗಿಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿಗೂ ಹೆಚ್ಚು ಇಳಿಯಿತು. ಧಾರವಾಡಕ್ಕೆ ಆಗ ರೈಲು ಬಂದಿರಲಿಲ್ಲ. ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದೇ 1882ರಲ್ಲಿ. ಬರಗಾಮಗಾರಿಗೆ ಹೋದರೆ ಸರ್ ರಿಚರ್ಡ್ ಟೆಂಪಲ್ ಸಾಹೇಬರ ಲೆಕ್ಕದಂತೆ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳು, ಒಂದಾಣೆ. ಅರ್ಧ ಕಿಲೋಕ್ಕೂ ಕಡಿಮೆ, ಅದೂ ದಿನವಿಡೀ ಕಲ್ಲು ಒಡೆದ ಮೇಲೆ! ಈ ಸಾಹೇಬರೇ 1877ರಲ್ಲಿ ಮುಂಬಯಿಯ ಗವರ್ನರ್ ಆದರು.

ಭೂಕಂಪಕ್ಕೂ ಬರಕ್ಕೂ ಒಂದು ಫರಕಿದೆ. ಭೂಮಿ ನಡುಗಿದರೆ ಉಳಿದವರು ಬಿದ್ದ ಮನೆ ಹತ್ತಿರವೇ ಕೂಡುತ್ತಾರೆ, ಹುಡುಕಿಕೊಂಡು ಬರುವವರು ಅಲ್ಲಿಗೇ ಬರುತ್ತಾರೆ. ಬರದಲ್ಲಿ ಮನೆ ನಿಂತಿರುತ್ತದೆ, ಮಂದಿ ಗುಳೇ ಹೋಗುತ್ತಾರೆ. ದಾರಿಯಲ್ಲಿ ಅಪ್ಪ ಸತ್ತ, ಮುಂದೆ ಅವ್ವ ಸತ್ತಳು ಅಂದರೆ ಉಳಿದ ನಾಲ್ಕು ವರ್ಷದ ಕೂಸಿಗೆ ಊರ ಹೆಸರು ಹೇಳುವವರು ಯಾರು?

ಬಾಸೆಲ್ ಮಿಶನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ. ಆಮೇಲೆ ಹುಬ್ಬಳ್ಳಿ, ಬೆಟಗೇರಿ, 1851ಕ್ಕೆ ಗುಳೇದಗುಡ್ಡ. ಬರ ಬಿದ್ದ ಸೀಮೆಯ ನಟ್ಟನಡುವೆಯೇ ಇದ್ದರು. ಆಮಿಷ ಒಡ್ಡಿದರೆ ಜನ ಬಂದೇಬಿಡುತ್ತಾರೆ ಅನ್ನುವವರು ಗದಗಿನ ಹತ್ತಿರದ ಮಲಸಮುದ್ರದ ಕತೆ ನೋಡಬೇಕು. ಕಾಲಜ್ಞಾನ ಪಂಥದವರು ಗುಂಪುಗುಂಪಾಗಿ ಬರುತ್ತಾರೆ ಅಂತ ನಂಬಿ ಮಿಶನ್ನಿನವರು 1841ರಲ್ಲಿ ಅಲ್ಲಿ ಹೊಲ ಹಿಡಿದು ವಸಾಹತು ಕಟ್ಟಿದರು. ಹಾಗೆ ಯಾರೂ ಬರಲಿಲ್ಲ. ವಸಾಹತೂ ನಿಲ್ಲಲಿಲ್ಲ.

ಬರದ ಮಕ್ಕಳು ಮಾತ್ರ ಬಂದರು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ನರು ತುಮಕೂರಿನಲ್ಲಿ ಗಂಡುಮಕ್ಕಳಿಗೆ, ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಅನಾಥಾಲಯ ತೆರೆದರು. ಕ್ಯಾಥೊಲಿಕ್ ಪಾದ್ರಿಗಳು ಬೆಂಗಳೂರಿನ ಉತ್ತರಕ್ಕೆ ಅನಾಥರಿಗಾಗಿ ಊರನ್ನೇ ಕಟ್ಟಿದರು, ಸಿಲುವೆಪುರ. ಸಿಲುವೆ ಅಂದರೆ ಶಿಲುಬೆ. ಊರ ಹೆಸರಿನಲ್ಲೇ ಆ ಮಕ್ಕಳ ಮುಂದಿನ ಬಾಳು ಬರೆದಾಗಿತ್ತು ಅನ್ನಿ.

ಇಲ್ಲೇ ನನಗೆ ಮಿಶನ್ನಿನವರ ಬಗ್ಗೆಯೂ ತಕರಾರಿದೆ. ಹಸಿದ ಕೂಸಿಗೆ ಅನ್ನ ಹಾಕಿದ್ದು ದೊಡ್ಡ ಮಾತು. ಆದರೆ ಆ ಕೂಸಿನ ಹೆಸರು, ದೇವರು ಎರಡನ್ನೂ ಬದಲಿಸುವಾಗ ಅದನ್ನು ಯಾರೂ ಕೇಳಲಿಲ್ಲ. ಈ ಅಳುಕು ಆ ಕಾಲದ ಮಿಶನರಿಗಳಿಗೂ ಇತ್ತು. ತೆಲುಗು ಸೀಮೆಯ ಒಂಗೋಲಿನಲ್ಲಿ ಜಾನ್ ಕ್ಲಫ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ ಬಕಿಂಗ್‌ಹ್ಯಾಮ್ ಕಾಲುವೆಯ ಗುತ್ತಿಗೆ ಹಿಡಿದು ಜನಕ್ಕೆ ಕೂಲಿ ಕೊಡಿಸಿದ. ಬರದ ಕೆಲಸ ನಡೆದಷ್ಟು ದಿನ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಕೂಲಿ ನಿಂತ ಮೇಲೂ ಜನ ಬಿಡಲಿಲ್ಲ, 1878ರ ಜುಲೈ 3ರಂದು ಒಂದೇ ದಿನ 2,222 ಮಂದಿ. ಅನ್ನ ಮುಗಿದ ಮೇಲೆ ಬಂದವರನ್ನು ಏನನ್ನಬೇಕು?

ಇನ್ನು ನಮ್ಮವರ ಪಾಲು. ಕಂಡವರ ಕೈಯಲ್ಲಿ ಉಂಡವರನ್ನು ಜಾತಿ ಸುಲಭಕ್ಕೆ ವಾಪಸು ತಗೊಳ್ಳುತ್ತಿರಲಿಲ್ಲ. ಜಾತಿ ಹೋದರೆ ಬಾವಿ ಹೋಯ್ತು, ಕಸುಬು ಹೋಯ್ತು, ಹೆಣ್ಣು ಕೊಡೋರಿಲ್ಲ. ಬಾಸೆಲ್‌ನವರ ಮಗ್ಗಗಳು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುವಾದ ಹಂಚಿನ ಕಾರ್ಖಾನೆ, ಎಲ್ಲ ಹೀಗೆ ಕಸುಬು ಕಳಕೊಂಡವರಿಗೆ ಕೆಲಸ ಕೊಡಲಿಕ್ಕೆ ಹುಟ್ಟಿದವು. ಬರದ ಮಕ್ಕಳು ಬೆಳೆದು ತಮ್ಮತಮ್ಮಲ್ಲೇ ಮದುವೆಯಾದರು. ಅತ್ತೆ-ಮಾವ, ಅಣ್ಣ-ತಮ್ಮ ಎಲ್ಲ ಸಭೆಯವರೇ. ಬೀಗರಿಲ್ಲದವರು ಬೀಗರನ್ನು ಮಾಡಿಕೊಂಡರು.

ಇಷ್ಟನ್ನೂ ನಿನ್ನೆ ಏರಿಯ ಮೇಲೆ ಹೇಳಲಾಗಲಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಆ ಗೋಲಿ ಆಟದ ಗೆಳೆಯ ಈಗ ರಿಟೈರ್ ಆಗಿದ್ದಾನೆ. ಹೋದ ಕ್ರಿಸ್‌ಮಸ್‌ಗೆ ಅವನ ಮನೆಯಲ್ಲಿ ಕಲ್‌ಕಲ್ ತಿನ್ನುತ್ತ ಹಳೇ ಜಗಳ ನೆನಪಿಸಿದೆ. ಅವನಿಗೆ ನೆನಪೇ ಇರಲಿಲ್ಲ. ಆಮೇಲೆ ಅಂದ: "ಬಾಗಲಕೋಟಿ ಕಡೆ ಬಸ್ಸಿನ್ಯಾಗ ಹೋದಾಗ ನಾ ಕಿಟಕಿ ಬಾಜೂನ ಕೂಡ್ತೀನಪಾ. ಬೋರ್ಡ್ ಓದಕೋತ ಹೋಗ್ತೀನಿ, ಯಾವ ಊರೋ ಏನೋ ಅಂತ."