ಜಿಂಕೆಗೂ ಬಂತು ಸಂತಾನ ನಿಯಂತ್ರಣ

1900ರ ಸುಮಾರಿಗೆ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಕಣ್ಣಿಗೆ ಬೀಳುವುದೇ ಅಪರೂಪವಾಗಿತ್ತು. ಮಾಂಸಕ್ಕೂ ಚರ್ಮಕ್ಕೂ ಎಗ್ಗಿಲ್ಲದೆ ನಡೆದ ಬೇಟೆಯ ನಂತರ ಇಡೀ ದೇಶದಲ್ಲಿ ಹೆಚ್ಚೆಂದರೆ ಐದು ಲಕ್ಷ ಉಳಿದಿದ್ದವೆಂದು ಅಂದಾಜು. ಆ ವರ್ಷ ಬಂದ ಲೇಸಿ ಕಾಯಿದೆ, ಅಕ್ರಮವಾಗಿ ಕೊಂದ ಪ್ರಾಣಿಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿ ಮಾರುವುದನ್ನು ತಡೆಯಿತು. ರಾಜ್ಯಗಳೂ ಬೇಟೆಗೆ ಕಾಲ, ಮಿತಿ ಗೊತ್ತುಮಾಡಿದವು. ಜಿಂಕೆಗಳು ಉಳಿದವು, ಶತಮಾನ ಮುಗಿಯುವಷ್ಟರಲ್ಲಿ ಎರಡು ಕೋಟಿ ದಾಟಿದವು.

ಕಾಪಾಡಿದ್ದು ಕಾಯಿದೆಯಾದರೆ, ಬೆಳೆಸಿದ್ದು ಬಡಾವಣೆ. ಪೂರ್ವದ ರಾಜ್ಯಗಳಲ್ಲಿ ತೋಳ, ಪ್ಯೂಮಾಗಳು ಆಗಲೇ ಇಲ್ಲವಾಗಿದ್ದವು. ಎರಡನೆಯ ಮಹಾಯುದ್ಧದ ನಂತರ ನಗರಗಳ ಹೊರಗೆ ಮನೆಗಳೆದ್ದವು. ಹುಲ್ಲುಹಾಸು, ಹೂದೋಟ, ನಡುನಡುವೆ ತುಂಡು ಕಾಡು: ಜಿಂಕೆಗೆ ಇದಕ್ಕಿಂತ ಒಳ್ಳೆಯ ಮೇವಿನ ತಾಣವಿಲ್ಲ. ಮನೆಗಳ ನಡುವೆ ಬಂದೂಕು ಹಾರಿಸುವಂತೆಯೂ ಇಲ್ಲ. ಕಾಡಿನ ಸಸಿಗಳು ಏಳದಂತಾದವು, ಕಾರುಗಳು ಡಿಕ್ಕಿ ಹೊಡೆದವು. 1970ರ ದಶಕದಲ್ಲಿ ಕನೆಕ್ಟಿಕಟ್‌ನ ಲೈಮ್ ಊರಿನ ಮಕ್ಕಳ ಕೀಲುಬಾವಿನಿಂದ ಪತ್ತೆಯಾದ ಲೈಮ್ ಕಾಯಿಲೆ ಹೊಸ ಭಯ ತಂದಿತು. ಅದನ್ನು ಹರಡುವ ಉಣುಗು ಬೆಳೆದ ಮೇಲೆ ಹೆಚ್ಚಾಗಿ ಜಿಂಕೆಯ ರಕ್ತ ಹೀರುತ್ತದೆ.

ಕೊಲ್ಲಬೇಕೆಂದು ಕೆಲವರು, ಕೂಡದೆಂದು ಕೆಲವರು. ಈ ಜಗಳದ ನಡುವೆ ಬಂದದ್ದು ಗರ್ಭನಿರೋಧಕ ಲಸಿಕೆ. ಹಂದಿಯ ಅಂಡಾಣುವಿನ ಹೊರಪೊರೆಯಿಂದ ತೆಗೆದ ಪ್ರೋಟೀನನ್ನು ಹೆಣ್ಣು ಪ್ರಾಣಿಗೆ ಚುಚ್ಚಿದರೆ, ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವು ಅದರದೇ ಅಂಡಾಣುವನ್ನು ಮುತ್ತಿಕೊಂಡು ವೀರ್ಯಾಣು ಅಂಟದಂತೆ ಮಾಡುತ್ತವೆ. ಜೇ ಕರ್ಕ್‌ಪ್ಯಾಟ್ರಿಕ್ ಮತ್ತು ಸಂಗಡಿಗರು 1988ರಲ್ಲಿ ಇದನ್ನು ಅಸಾಟೀಗ್ ದ್ವೀಪದ ಕಾಡುಕುದುರೆಗಳ ಮೇಲೆ ಪ್ರಯೋಗಿಸಿದರು. 1993ರಲ್ಲಿ ನ್ಯೂಯಾರ್ಕ್ ಬಳಿಯ ಫೈರ್ ದ್ವೀಪದ ಜಿಂಕೆಗಳ ಸರದಿ ಬಂತು. ಮೇರಿಲ್ಯಾಂಡ್‌ನ ಗೇದರ್ಸ್‌ಬರ್ಗ್‌ನಲ್ಲಿರುವ ಸರ್ಕಾರಿ ಮಾಪನ ಸಂಸ್ಥೆಯ ಆವರಣದಲ್ಲಿ 1997ರಿಂದ 2002ರವರೆಗೆ ಜಿಂಕೆಗಳ ಸಂಖ್ಯೆ ವರ್ಷಕ್ಕೆ ಸುಮಾರು ಶೇ. 8ರಂತೆ ಇಳಿಯಿತು.

ಆದರೆ ಲಸಿಕೆಯ ಲೆಕ್ಕ ಸುಲಭದ್ದಲ್ಲ. ಮೊದಲು ಎರಡು ಸಲ, ಆಮೇಲೆ ಮತ್ತೆಮತ್ತೆ ಚುಚ್ಚಬೇಕು. ಒಂದೊಂದು ಹೆಣ್ಣನ್ನೂ ಹುಡುಕಿ, ಹತ್ತಿರ ಹೋಗಿ ಗುರಿಯಿಡಬೇಕು. ಗರ್ಭ ನಿಲ್ಲದ ಹೆಣ್ಣು ಸುಮಾರು 28 ದಿನಕ್ಕೊಮ್ಮೆ ಮತ್ತೆ ಬೆದೆಗೆ ಬರುತ್ತದೆ; ಗಂಡುಗಳ ಓಡಾಟವೂ ಅಷ್ಟು ದಿನ ಮುಂದುವರಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಲಸಿಕೆ ಹುಟ್ಟನ್ನು ತಡೆಯುತ್ತದೆ, ಇರುವ ಜಿಂಕೆಯನ್ನು ಕಡಿಮೆ ಮಾಡುವುದಿಲ್ಲ. ಸಂಖ್ಯೆ ಇಳಿಯಲು ವರ್ಷಗಟ್ಟಲೆ ಕಾಯಬೇಕು. ಬೇಲಿಯಿಲ್ಲದ ಊರಿಗೆ ಪಕ್ಕದ ಊರಿನ ಜಿಂಕೆ ಬರುತ್ತಲೇ ಇರುತ್ತದೆ.

ಫೈರ್ ದ್ವೀಪದ ಪ್ರಯೋಗ 2009ಕ್ಕೆ ನಿಂತಿತು. 2016ರಲ್ಲಿ ಅಲ್ಲಿಗೆ ಒಪ್ಪಿಗೆಯಾದ ಯೋಜನೆಯಲ್ಲಿ ಗುಂಡಿಕ್ಕುವುದಕ್ಕೂ ಜಾಗವಿತ್ತು. ಅದೇ ವರ್ಷ ನ್ಯೂಯಾರ್ಕ್ ನಗರ ಸ್ಟೇಟನ್ ದ್ವೀಪದ ಗಂಡು ಜಿಂಕೆಗಳಿಗೆ ವ್ಯಾಸೆಕ್ಟಮಿ ಮಾಡಿಸಲು ಹೊರಟಿತು; ಮೂರು ವರ್ಷಕ್ಕೆ 33 ಲಕ್ಷ ಡಾಲರ್ ಗುತ್ತಿಗೆ. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುವುದರಿಂದ ಹೆಚ್ಚುಕಡಿಮೆ ಎಲ್ಲವನ್ನೂ ಹಿಡಿಯಬೇಕಿತ್ತು. ಸಾವಿರಕ್ಕೂ ಹೆಚ್ಚು ಗಂಡುಗಳಿಗೆ ಶಸ್ತ್ರಚಿಕಿತ್ಸೆಯಾಯಿತು.

ಇದನ್ನು ದಯೆ ಮತ್ತು ಕ್ರೌರ್ಯದ ನಡುವಿನ ಆಯ್ಕೆ ಎಂದುಬಿಡುವುದು ಸುಲಭ. ಆದರೆ ಗುಂಡು ತಪ್ಪಿಸಿಕೊಂಡ ಜಿಂಕೆ ಹೆದ್ದಾರಿಯಲ್ಲಿ, ಇಲ್ಲವೇ ಮೇವಿಲ್ಲದ ಚಳಿಗಾಲದಲ್ಲಿ ಸಾಯಬಹುದು. ಲಸಿಕೆಗಾಗಿ ಕಾಯುವಷ್ಟು ವರ್ಷ ಕಾಡಿನ ಸಸಿಗಳು ತಲೆಯೆತ್ತುವುದಿಲ್ಲ. ಪುರಸಭೆಯಲ್ಲಿ ಕೂತು ಯಾವುದಾದರೂ ಒಂದಕ್ಕೆ ಕೈ ಎತ್ತುವವರು ಈ ಎರಡೂ ಲೆಕ್ಕವನ್ನು ಹಿಡಿಯಬೇಕಾಗುತ್ತದೆ. ತೋಳ ಮಾಡುತ್ತಿದ್ದ ಕೆಲಸ ಈಗ ಅವರ ಪಾಲಿಗೆ ಬಂದಿದೆ.